ಶಕುನವೆಂದರೇನು? ತೋಟದವರಿಗೆ ನಾಲ್ಕು ಮಾತು

(ತುರುವೇಕೆರೆ ತಾಲ್ಲೂಕಿನ ಒಂದು ಗ್ರಾಮದ ಅರಳಿಕಟ್ಟೆಯಲ್ಲಿ ಸೇರಿದ್ದ ರೈತರ ಮುಂದೆ ತೆಂಗು ಬೆಳೆಗಾರರೊಬ್ಬರು ಮಾಡಿದ ಭಾಷಣ)



ಈ ಸಂಜೆ ಗೊಬ್ಬರದ ವಿಷಯವನ್ನೋ ನೀರಿನ ವಿಷಯವನ್ನೋ ಹೇಳುತ್ತಾರೆಂದು ನೀವು ಬಂದಿರಬಹುದು. ನಾನು ಒಂದು ಪದದ ವಿಷಯವಾಗಿ ಮಾತನಾಡಬೇಕೆಂದು ನಿಂತಿದ್ದೇನೆ. ಆ ಪದ ಶಕುನ. ಇದು ತೋಟಕ್ಕೆ ಸಂಬಂಧಪಡದ ಮಾತೆಂದು ಯಾರೂ ಎದ್ದು ಹೋಗಬೇಡಿ. ಈ ಒಂದು ಪದವನ್ನು ಸರಿಯಾಗಿ ತಿಳಿಯದೆ ನಮ್ಮ ಮನೆಯ ತೋಟದಲ್ಲಿ ಹನ್ನೊಂದು ಮರ ಹೋದುವು. ಆ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಕಾಯಿಯ ಮಾತು. ಹೋದ ಕಾರ್ತಿಕದಲ್ಲಿ ನಮ್ಮ ಪಕ್ಕದೂರಿನ ಒಂದು ಮನೆಯವರು ಹೊಸ ಕೊಳವೆ ಬಾವಿಗೆ ಮೋಟಾರು ಇಳಿಸುವ ದಿನ ಪೂಜೆ ಇಟ್ಟುಕೊಂಡಿದ್ದರು. ಯಜಮಾನರು ಕಾಯಿ ಒಡೆದರು. ಕಾಯಿ ಕೆಟ್ಟಿತ್ತು. ನೆರೆದವರ ಮುಖವೆಲ್ಲ ಸಪ್ಪಗಾಯಿತು. ‘ಅಪಶಕುನ, ಈ ದಿನ ಬೇಡ’ ಎಂದು ಹಿರಿಯರೊಬ್ಬರು ಹೇಳಿದರು. ಮೋಟಾರು ತಂದವರು ಹಿಂದಿರುಗಿದರು. ಅವರು ಮತ್ತೆ ಬರಲು ಇಪ್ಪತ್ತು ದಿನವಾಯಿತು. ಅಷ್ಟರಲ್ಲಿ ಹೊಸದಾಗಿ ನೆಟ್ಟಿದ್ದ ನಲವತ್ತು ತೆಂಗಿನ ಸಸಿಗಳಲ್ಲಿ ಅರ್ಧದಷ್ಟು ಒಣಗಿ ನಿಂತವು. ‘ನೋಡಿದಿರಾ, ಕಾಯಿ ಹೇಳಿದ್ದು ನಿಜವಾಯಿತು’ ಎಂದು ಆ ಹಿರಿಯರೇ ಹೇಳಿದರು. ಸಸಿ ಒಣಗಿದ್ದು ಕಾಯಿ ಕೆಟ್ಟದ್ದರಿಂದಲೋ, ಇಪ್ಪತ್ತು ದಿನ ನೀರು ಹಾಕದ್ದರಿಂದಲೋ ಎಂಬುದನ್ನು ನೀವೇ ಹೇಳಿ.

ಆ ದಿನ ನಾನು ಅಲ್ಲಿದ್ದೆ. ಒಡೆದ ಹೋಳನ್ನು ಎತ್ತಿ ನೋಡಿದೆ. ಕಣ್ಣಿನ ಬಳಿ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಮರದಿಂದ ಕಲ್ಲಿನ ಮೇಲೆ ಬಿದ್ದ ಕಾಯಿ ಅದು. ಬಿರುಕಿನಲ್ಲಿ ಗಾಳಿ ಸೇರಿದರೆ ಒಳಗಿನ ನೀರು ಕೆಡುತ್ತದೆ, ಕೊಬ್ಬರಿ ಕೊಳೆಯುತ್ತದೆ. ಹಾಗೆಯೇ ಒಡೆದ ಕಾಯಲ್ಲಿ ‘ಹೂವು ಬಂತು’ ಎಂದು ನಾವು ಸಂತೋಷಪಡುತ್ತೇವೆ. ಆ ಹೂವು ಯಾವುದು? ಬಲಿತ ಕಾಯಿ ಬಹಳ ದಿನ ಇದ್ದು ಮೊಳೆಯಲು ಹೊರಟಾಗ ಒಳಗೆ ಬೆಳೆಯುವ ಮೊಳಕೆಯ ಗಡ್ಡೆ. ಪಟ್ಟಣದವರಿಗೆ ಇದು ತಿಳಿಯದಿದ್ದರೆ ಆಶ್ಚರ್ಯವಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಾದ ನಾವು ಹುಟ್ಟಿದಾರಭ್ಯ ಕಾಯಿಯ ಜೊತೆಯಲ್ಲೇ ಬೆಳೆದವರು. ಕಾಯಿ ಏಕೆ ಕೆಡುತ್ತದೆ ಎಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕೆ?

ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಕಾಯಿ ಕೆಟ್ಟರೆ ಇನ್ನೊಂದು ಕಾಯಿ ಒಡೆದು ಕೆಲಸ ಮುಂದುವರಿಸಿರಿ. ನಮ್ಮಲ್ಲಿ ಕಾಯಿಗೆ ಬರವೇ?

ಇನ್ನು ಪದದ ಅರ್ಥಕ್ಕೆ ಬರೋಣ. ಶಕುನ ಎಂಬುದು ಸಂಸ್ಕೃತದಿಂದ ಬಂದ ಮಾತು. ಅಲ್ಲಿ ಅದರ ಮೊದಲ ಅರ್ಥ ‘ಹಕ್ಕಿ’, ಅಷ್ಟೇ. ಮಹಾಭಾರತದಲ್ಲಿ ಶಕುಂತಲೆಯ ಕಥೆಯನ್ನು ನೀವು ಕೇಳಿದ್ದೀರಿ. ಮೇನಕೆ ಬಿಟ್ಟುಹೋದ ಎಳೆಯ ಕೂಸನ್ನು ಹಕ್ಕಿಗಳು ಸುತ್ತ ನಿಂತು ಕಾಪಾಡಿದುವು. ಹಕ್ಕಿಗಳು ಕಾದ ಮಗುವಾದ್ದರಿಂದ ಕಣ್ವರು ಶಕುಂತಲೆ ಎಂದು ಹೆಸರಿಟ್ಟರು. ಹಿಂದಿನ ಕಾಲದ ಜನ ಹೊರಡುವ ಮೊದಲು, ಬಿತ್ತುವ ಮೊದಲು ಹಕ್ಕಿ ಯಾವ ದಿಕ್ಕಿಗೆ ಹಾರಿತು, ಎಲ್ಲಿ ಕೂಗಿತು ಎಂಬುದನ್ನು ನೋಡುತ್ತಿದ್ದರು. ಹಕ್ಕಿ ನೋಡುವುದು ರೂಢಿಯಾಗಿ, ಬರುತ್ತ ಬರುತ್ತ ಮುಂದಾಗುವುದನ್ನು ತಿಳಿಸುವ ಗುರುತಿಗೆಲ್ಲ ಶಕುನವೆಂದೇ ಹೆಸರಾಯಿತು. ಇದು ನಮ್ಮ ದೇಶದಲ್ಲಿ ಮಾತ್ರ ಆದದ್ದಲ್ಲ. ದೂರದ ರೋಮಿನಲ್ಲಿಯೂ ಅಧಿಕಾರಿಗಳು ಮುಖ್ಯ ಕೆಲಸಕ್ಕೆ ಕೈಹಾಕುವ ಮೊದಲು ಹಕ್ಕಿಗಳ ಹಾರಾಟವನ್ನು ನೋಡುತ್ತಿದ್ದರು. ಇಂಗ್ಲಿಷಿನವರು ಶುಭವೆಂಬುದಕ್ಕೆ ಬಳಸುವ ಒಂದು ಮಾತಿನ ಬೇರು ಕೂಡ ‘ಹಕ್ಕಿ ನೋಡುವುದು’ ಎಂಬುದೇ.

ನಮ್ಮ ಹಳ್ಳಿಗಳಲ್ಲಿ ಈ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಬುಡಬುಡಿಕೆಯವರು ಬೆಳಗಿನ ಜಾವ ಬಂದು ಬಾಗಿಲಲ್ಲಿ ನಿಂತರೆ ಮೊದಲು ಯಾರ ಹೆಸರು ಹೇಳುತ್ತಾರೆ? ಹಾಲಕ್ಕಿಯ ಹೆಸರು. ಹಾಲಕ್ಕಿ ನುಡಿಯಿತು ಎಂದೇ ಅವರು ಶಕುನ ಪ್ರಾರಂಭಿಸುತ್ತಾರೆ. ಗಿಣಿಶಾಸ್ತ್ರದವರ ಗಿಣಿಯೂ ಹಕ್ಕಿಯೇ. ಹಕ್ಕಿಯಿಂದ ಹೊರಟ ಮಾತು ಈಗ ಎಲ್ಲೆಲ್ಲಿಯೋ ಹರಡಿಕೊಂಡಿದೆ. ಹಲ್ಲಿ ಲೊಚಗುಟ್ಟಿದರೆ ಶಕುನ, ಬೆಕ್ಕು ಅಡ್ಡ ಬಂದರೆ ಅಪಶಕುನ, ಸೀನಿದರೆ ಅಪಶಕುನ, ತುಂಬಿದ ಕೊಡ ಎದುರಾದರೆ ಒಳ್ಳೆಯ ಶಕುನ. ಶಕುನದ ಹತ್ತಿರದ ಮಾತುಗಳೂ ಹಲವಿವೆ: ಸೂಚನೆ, ಲಕ್ಷಣ, ಮುನ್ಸೂಚನೆ, ನಿಮಿತ್ತ. ‘ಮೋಡದ ಲಕ್ಷಣ ನೋಡಿದರೆ ಮಳೆ ಬರುವ ಹಾಗಿದೆ’ ಎನ್ನುತ್ತೇವೆ. ಅಲ್ಲಿ ಶಕುನ ಎನ್ನುವುದಿಲ್ಲ. ಏಕೆಂದರೆ ಮೋಡಕ್ಕೂ ಮಳೆಗೂ ಇರುವ ಸಂಬಂಧ ನಮಗೆ ಕಾಣುತ್ತದೆ. ಸಂಬಂಧ ಕಾಣುವ ಕಡೆ ಲಕ್ಷಣ ಎನ್ನುತ್ತೇವೆ, ಕಾಣದ ಕಡೆ ಶಕುನ ಎನ್ನುತ್ತೇವೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಮ್ಮ ಹಿರಿಯರು ಏನೂ ತಿಳಿಯದವರೆಂದು ನಾನು ಹೇಳಿದೆನೆಂದು ಯಾರೂ ಭಾವಿಸಬಾರದು. ಹವಾಮಾನ ಇಲಾಖೆ ಈ ದೇಶದಲ್ಲಿ ಪ್ರಾರಂಭವಾದದ್ದು 1875ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಮ್ಮವರು ಮಳೆಯ ಗುರುತುಗಳನ್ನು ಕಂಡಿದ್ದರು. ಇರುವೆಗಳು ಮೊಟ್ಟೆ ಹೊತ್ತು ಎತ್ತರಕ್ಕೆ ಸಾಲು ಹಿಡಿದರೆ ಮಳೆ ಹತ್ತಿರವೆಂದರು. ಅಡಿಗೆಮನೆಯ ಉಪ್ಪು ನೀರೊಡೆದರೆ ಗಾಳಿಯಲ್ಲಿ ತೇವ ಹೆಚ್ಚಿದೆ ಎಂದು ಅಜ್ಜಿಯರಿಗೆ ಗೊತ್ತಿತ್ತು. ಚಂದ್ರನ ಸುತ್ತ ಬಳೆಯಂತೆ ಬೆಳಕು ಕಟ್ಟಿದರೆ ಮಳೆಯಾಗಬಹುದೆಂದರು. ಬಹಳ ಎತ್ತರದಲ್ಲಿ ತೆಳುವಾದ ಮೋಡ ಹರಡಿ, ಅದರೊಳಗಿನ ಮಂಜಿನ ಹರಳುಗಳಿಂದ ಬೆಳಕು ಬಾಗುವುದರಿಂದ ಆ ಬಳೆ ಕಾಣುತ್ತದೆ. ಅಂಥ ಮೋಡದ ಹಿಂದೆ ಎಷ್ಟೋ ಸಲ ಮಳೆಮೋಡ ಬರುತ್ತದೆ. ರೋಹಿಣಿ, ಮೃಗಶಿರ, ಆರಿದ್ರ ಎಂಬ ಮಳೆ ನಕ್ಷತ್ರಗಳ ಲೆಕ್ಕವೂ ಹೀಗೆಯೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವುದನ್ನು ಹಿಡಿದು ಮಾಡಿದ ಲೆಕ್ಕ ಅದು. ಸೂರ್ಯನ ಲೆಕ್ಕವಾದ್ದರಿಂದ ಕಾಲವನ್ನು ತಪ್ಪದೆ ಹೇಳುತ್ತದೆ. ಆದರೆ ಈ ವರ್ಷ ಆರಿದ್ರೆಯಲ್ಲಿ ನಿಮ್ಮ ಹೊಲಕ್ಕೆ ಎಷ್ಟು ಮಳೆ ಎಂಬುದನ್ನು ಅದು ಹೇಳಲಾರದು. ಅದಕ್ಕೆ ದಿನದಿನದ ಹವಾಮಾನ ವರದಿಯನ್ನೇ ಕೇಳಬೇಕು.

ಹಾಗಾದರೆ ಯಾವ ಗುರುತನ್ನು ನಂಬಬೇಕು, ಯಾವುದನ್ನು ಬಿಡಬೇಕು? ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ.

ಮೊದಲನೆಯದು: ಗುರುತಿಗೂ ಫಲಕ್ಕೂ ನಡುವೆ ದಾರಿ ಇದೆಯೆ? ಉಪ್ಪಿಗೂ ಮಳೆಗೂ ನಡುವೆ ತೇವದ ದಾರಿ ಇದೆ. ಬೆಕ್ಕಿಗೂ ತಿಪಟೂರಿನ ಹರಾಜಿನ ಬೆಲೆಗೂ ನಡುವೆ ಯಾವ ದಾರಿ?

ಎರಡನೆಯದು: ತಪ್ಪಿದ್ದನ್ನೂ ಎಣಿಸಿದ್ದೇವೆಯೆ? ಬೆಕ್ಕು ಅಡ್ಡ ಬಂದ ದಿನ ಗಾಡಿಯ ಅಚ್ಚು ಮುರಿದರೆ ಹತ್ತು ವರ್ಷ ನೆನಪಿಡುತ್ತೇವೆ. ಬೆಕ್ಕು ಅಡ್ಡ ಬಂದು ಏನೂ ಆಗದ ನೂರು ದಿನಗಳನ್ನು ಆ ಸಂಜೆಯೇ ಮರೆಯುತ್ತೇವೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು ಎಂಬ ಗಾದೆಯನ್ನು ಮಾಡಿದ ನಮ್ಮ ಹಿರಿಯರು ಈ ಎಣಿಕೆಯನ್ನು ಬಲ್ಲವರೇ ಆಗಿದ್ದರು.

ಮೂರನೆಯದು: ಈ ಗುರುತು ನನ್ನನ್ನು ಕೆಲಸಕ್ಕೆ ಕಳಿಸುತ್ತದೆಯೊ, ಮನೆಯಲ್ಲಿ ಕೂರಿಸುತ್ತದೆಯೊ? ಯುಗಾದಿಯಲ್ಲಿ ಹೊನ್ನಾರು ಹೂಡುತ್ತೇವೆ. ಎತ್ತಿಗೆ ಪೂಜೆ ಮಾಡಿ ವರ್ಷದ ಮೊದಲ ಉಳುಮೆ ಉಳುತ್ತೇವೆ. ಅದರಿಂದ ಮನಸ್ಸಿಗೆ ಉತ್ಸಾಹ, ಹೊಲಕ್ಕೆ ನೇಗಿಲು. ಅಂಥದಿರಲಿ. ಕೆಲಸ ನಿಲ್ಲಿಸುವ ಶಕುನ, ಒಬ್ಬ ಮನುಷ್ಯನ ಮೇಲೆ ತಪ್ಪು ಹೊರಿಸುವ ಶಕುನ, ಇವು ನಮಗೆ ಬೇಡ.

ಈಗ ತೋಟಕ್ಕೆ ಬನ್ನಿ. ತೆಂಗಿನ ಮರದಷ್ಟು ಶಕುನ ಹೇಳುವ ಪ್ರಾಣಿ ಪಕ್ಷಿ ಬೇರೊಂದಿಲ್ಲ. ನಾವು ಬೆಕ್ಕನ್ನು ನೋಡುವಷ್ಟು ಜಾಗ್ರತೆಯಿಂದ ಮರವನ್ನು ನೋಡುವುದಿಲ್ಲ, ಅದೇ ಕೊರತೆ.

ಅಟ್ಟದ ಮೇಲಿನ ಕಾಯಿಯನ್ನೇ ತೆಗೆದುಕೊಳ್ಳಿ. ಉಂಡೆ ಕೊಬ್ಬರಿಗೆಂದು ಏರಿಸಿದ ಕಾಯಿ ತಿಂಗಳುಗಟ್ಟಲೆ ಅಲ್ಲಿರುತ್ತದೆ. ಯಾವಾಗ ಸುಲಿಯಬೇಕೆಂದು ನಮ್ಮ ಮನೆಯ ಹೆಂಗಸರು ಹೇಗೆ ತಿಳಿಯುತ್ತಾರೆ? ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ಬಂದರೆ ಇನ್ನೂ ಹಸಿ. ನೀರು ಇಂಗಿ, ಕೊಬ್ಬರಿ ಒಣಗಿ ಚಿಪ್ಪನ್ನು ಬಿಟ್ಟು, ಒಳಗೆ ಗಿಟುಕು ಲೊಡಲೊಡ ಎಂದರೆ ಆಯಿತು. ಇದು ಶಕುನವೇ, ಆದರೆ ದಾರಿ ಇರುವ ಶಕುನ. ಈ ಸದ್ದನ್ನು ನಂಬಿ ತಿಪಟೂರಿನ ಪೇಟೆ ಬೆಳೆಯಿತು.

ಮರದ ತಲೆಯನ್ನು ನೋಡಿ. ಹೊಸದಾಗಿ ಬಿಚ್ಚಿದ ಗರಿ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ, ಬೀಸಣಿಗೆಯಂತೆ ಕಂಡರೆ ಕೊಂಬಿನ ದುಂಬಿ ಸುಳಿಯನ್ನು ಕೊರೆದಿದೆ ಎಂದು ಅರ್ಥ. ಗರಿ ಸುಳಿಯಲ್ಲಿ ಮಡಿಸಿಕೊಂಡಿದ್ದಾಗಲೇ ದುಂಬಿ ಕೊರೆದಿತ್ತು, ಬಿಚ್ಚಿದ ಮೇಲೆ ನಮಗೆ ಕಂಡಿತು. ಅಂದರೆ ಗರಿ ಹಿಂದಾದದ್ದನ್ನು ಹೇಳುತ್ತಿದೆ. ಮುಂದಾಗುವುದನ್ನೂ ಹೇಳುತ್ತಿದೆ. ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಮೊದಲನೆಯದು ಮರವನ್ನು ಬಾಧಿಸುತ್ತದೆ, ಎರಡನೆಯದು ಕೊಲ್ಲುತ್ತದೆ. ಆದ್ದರಿಂದ ಬೀಸಣಿಗೆ ಗರಿ ಕಂಡ ಕೂಡಲೆ ತಿಪ್ಪೆಗುಂಡಿಯನ್ನು ನೋಡಿರಿ, ದುಂಬಿಯ ಮರಿ ಬೆಳೆಯುವುದು ಅಲ್ಲಿಯೇ. ತೋಟದಲ್ಲಿ ಕೊಳೆಯುತ್ತ ಬಿದ್ದ ಹಳೆಯ ಕಾಂಡಗಳನ್ನು ತೆಗೆದುಹಾಕಿರಿ. ಹಸಿಗರಿ ಕಡಿಯಬೇಕಾದರೆ ಬುಡದಲ್ಲಿ ನಾಲ್ಕಡಿಯಷ್ಟು ಮಟ್ಟೆ ಬಿಟ್ಟು ಕಡಿಯಿರಿ. ಕಾಂಡದಲ್ಲಿ ತೂತು ಕಂಡು, ಅಗಿದ ನಾರು ಹೊರಬಂದಿದ್ದರೆ ಮರಕ್ಕೆ ಕಿವಿಯಿಟ್ಟು ಕೇಳಿರಿ. ಒಳಗೆ ಹುಳು ಅಗಿಯುವ ಸದ್ದು ಕೇಳುವುದುಂಟು. ಹಲ್ಲಿಯ ಮಾತಿಗೆ ಕಿವಿಗೊಡುವವರು ಈ ಮಾತಿಗೆ ಕಿವಿಗೊಟ್ಟರೆ ಮರ ಉಳಿಯುತ್ತದೆ.

ಬೇಸಿಗೆಯಲ್ಲಿ ಕೆಳಗಿನ ಗರಿಗಳು ಬೆಂಕಿ ತಗುಲಿದಂತೆ ಒಣಗಿದರೆ, ‘ಯಾರದೋ ಕಣ್ಣು ಬಿತ್ತು’ ಎನ್ನುವ ಮೊದಲು ಗರಿಯ ಹಿಂಭಾಗವನ್ನು ತಿರುಗಿಸಿ ನೋಡಿ. ನೂಲಿನ ಸುರಂಗ, ಅದರೊಳಗೆ ಕಪ್ಪು ತಲೆಯ ಹುಳು ಸಿಕ್ಕೀತು. ಅದನ್ನು ತಿಂದು ಬದುಕುವ ಗೋನಿಯೋಜಸ್ ಎಂಬ ಸಣ್ಣ ಪರೋಪಜೀವಿಯನ್ನು ತಂದು ತೋಟದಲ್ಲಿ ಬಿಡುವ ಪದ್ಧತಿ ಇದೆ. ಹರಳಿನ ತೊಟ್ಟಿನ ಬಳಿ ಮಾಸಲು ಹಳದಿಯ ಮುಕ್ಕೋನದ ಮಚ್ಚೆ ಕಂಡರೆ ನುಸಿ. ಈ ನುಸಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ, ಕೇರಳದಲ್ಲಿ. ಆಮೇಲೆ ನಮ್ಮ ತೋಟಗಳಿಗೂ ಬಂದು ಕಾಯಿಯ ಸಿಪ್ಪೆಯನ್ನು ಬಿರಿಯಿಸಿತು. ಬಂದ ಹೊಸದರಲ್ಲಿ ಏನೆಂದು ತಿಳಿಯದೆ ಶಾಪವೆಂದವರು ನಮ್ಮೂರಲ್ಲೇ ಇದ್ದರು.

ಒಂದು ಹಕ್ಕಿಯ ಮಾತನ್ನೂ ಹೇಳಿಬಿಡುತ್ತೇನೆ. ಗೂಬೆ ಮನೆಯ ಮೇಲೆ ಕೂತರೆ, ಮರದಲ್ಲಿ ಕೂಗಿದರೆ ಅಪಶಕುನವೆಂದು ಕಲ್ಲು ಹೊಡೆಯುತ್ತೇವೆ. ಆ ಗೂಬೆ ನಿಮ್ಮ ತೋಟಕ್ಕೆ ಏಕೆ ಬಂತು? ಇಲಿ ಇರುವುದರಿಂದ. ಮರವೇರಿ ಎಳೆಯ ಕಾಯಿಗೆ ತೂತು ಹಾಕುವ ಇಲಿಯನ್ನು ರಾತ್ರಿಯೆಲ್ಲ ಕಾದು ಹಿಡಿಯುವ ಹಕ್ಕಿ ಅದು. ಗೂಬೆ ಕೂಗಿದರೆ ‘ತೋಟದಲ್ಲಿ ಇಲಿ ಇದೆ’ ಎಂದು ಶಕುನವನ್ನು ಓದಿಕೊಳ್ಳಿ. ಕೂಲಿ ಕೇಳದ ಕಾವಲುಗಾರನಿಗೆ ಕಲ್ಲು ಹೊಡೆಯಬೇಡಿ.

ಇನ್ನು ನಮ್ಮ ಮನೆಯ ಹನ್ನೊಂದು ಮರಗಳ ಸಂಗತಿ. ನಾನಾಗ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ನಮ್ಮ ತಂದೆಯ ಅಕ್ಕ, ನನ್ನ ಸೋದರತ್ತೆ, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದರು. ದಿನವೂ ಬೆಳಿಗ್ಗೆ ತೋಟಕ್ಕೆ ಹೋಗಿ ಉದುರಿದ ಗರಿ, ಎಡೆಮಟ್ಟೆ ಆಯ್ದು ತರುತ್ತಿದ್ದರು. ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದರು. ಒಂದು ದಿನ ಬಾವಿಯ ಪಕ್ಕದ ಮರದ ಬುಡದಲ್ಲಿ ಕಷಾಯದಂಥ ಕೆಂಪು ಕಂದು ರಸ ಸೋರುವುದನ್ನು ಅವರು ಕಂಡರು. ಹೇಳಬೇಕೆಂದು ಬಿರಬಿರನೆ ಮನೆಗೆ ಬಂದರು. ಆ ಹೊತ್ತಿಗೆ ನಮ್ಮ ತಂದೆ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿಗೆ ಹೊರಟು ನಿಂತಿದ್ದರು. ಅತ್ತೆ ಎದುರಾದರು. ತಂದೆ ಮಾತಾಡದೆ ಒಳಕ್ಕೆ ಬಂದು, ಕುಳಿತು, ನೀರು ಕುಡಿದು, ಮತ್ತೆ ಹೊರಟರು. ಅತ್ತೆ ಬಾಗಿಲ ಹಿಂದೆ ಸರಿದು ನಿಂತರು. ಅವರು ಹೇಳಬೇಕೆಂದು ಬಂದ ಮಾತನ್ನು ಆ ದಿನ ಯಾರೂ ಕೇಳಲಿಲ್ಲ.

ಕೆಲವು ದಿನ ಕಳೆದು ನಮ್ಮ ತಾಯಿಯ ಮೂಲಕ ಮಾತು ತಂದೆಗೆ ಮುಟ್ಟಿತು. ‘ಮರಕ್ಕೆ ದೃಷ್ಟಿಯಾಗಿರಬೇಕು’ ಎಂದು ಬೂದುಗುಂಬಳ ಕಟ್ಟಿಸಿದರು. ರಸ ಮೇಲಕ್ಕೇರಿತು. ಕೆಳಗಿನ ಗರಿಗಳು ಹಳದಿಯಾಗಿ ಜೋತುಬಿದ್ದವು. ಎಂದಿನಂತೆ ತೋಟವನ್ನು ಆಳವಾಗಿ ಉಳುಮೆ ಮಾಡಿಸಿದರು. ಆ ಮರದ ಪಾತಿಯಿಂದಲೇ ಪಕ್ಕದ ಮರಗಳಿಗೆ ನೀರು ಹಾಯಿಸಿದರು. ಮೂರನೆಯ ಮಳೆಗಾಲದಲ್ಲಿ ಬುಡದಲ್ಲಿ ಅಣಬೆ ಎದ್ದಿತು. ಆಗ ಬಂದು ನೋಡಿದ ತೋಟಗಾರಿಕೆಯವರು ‘ಇದು ಅಣಬೆ ರೋಗ, ಅಣಬೆ ಕಂಡಾಗ ಮರದ ಕಾಲ ಮುಗಿದಿರುತ್ತದೆ, ರಸ ಸೋರಿದ ದಿನ ಏಕೆ ತಿಳಿಸಲಿಲ್ಲ?’ ಎಂದು ಕೇಳಿದರು. ಒಂದೊಂದಾಗಿ ಸುತ್ತಲಿನ ಮರಗಳು ಹೋದವು. ಎಲ್ಲ ಸೇರಿ ಹನ್ನೊಂದು.

ಕೊನೆಯ ಮರ ಕಡಿಸಿದ ರಾತ್ರಿ ನಮ್ಮ ತಂದೆ ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಒಳಗೆ ಬಂದು, ‘ಅಕ್ಕಾ, ನಾಳೆಯಿಂದ ನೀನು ಮೊದಲು ತೋಟ ನೋಡಿಕೊಂಡು ಬಾ. ನಿನ್ನ ಮಾತು ಕೇಳಿಕೊಂಡು ನಾನು ಹೊರಡುತ್ತೇನೆ’ ಎಂದರು. ಅಂದಿನಿಂದ ಅವರು ಇರುವ ತನಕ ಹಾಗೆಯೇ ನಡೆಯಿತು. ಬೆಳಿಗ್ಗೆ ಎದ್ದು ಯಾರ ಮುಖ ನೋಡಿದರೆ ಒಳ್ಳೆಯದೆಂದು ಕೇಳಿದರೆ ನಾನು ನಮ್ಮ ಸೋದರತ್ತೆಯನ್ನು ನೆನೆಯುತ್ತೇನೆ. ಗುರುತನ್ನು ಮೊದಲು ಕಂಡವರನ್ನೇ ನಾವು ಕೆಟ್ಟ ಗುರುತೆಂದು ಬಾಗಿಲ ಹಿಂದೆ ನಿಲ್ಲಿಸಿದ್ದೆವು.

ಇಂಥದೇ ಇನ್ನೊಂದು ಅನ್ಯಾಯ ನಮ್ಮ ಸೀಮೆಯಲ್ಲಿ ನಡೆಯುತ್ತದೆ. ಅದರ ಹೆಸರು ಕಾಲ್ಗುಣ. ಮನೆಗೆ ಹೊಸ ಸೊಸೆ ಬಂದಳು. ಆ ವರ್ಷ ತೋಟದಲ್ಲಿ ಕಾಯಿ ಕಡಿಮೆಯಾಯಿತು. ‘ಅವಳ ಕಾಲ್ಗುಣ’ ಎಂದುಬಿಡುತ್ತಾರೆ. ತೆಂಗಿನ ಲೆಕ್ಕವನ್ನು ತಿಳಿದವರು ಈ ಮಾತನ್ನು ಆಡಲಾರರು. ಆ ಲೆಕ್ಕವನ್ನು ಗಮನವಿಟ್ಟು ಕೇಳಿರಿ.

ಒಳ್ಳೆಯ ಮರ ತಿಂಗಳಿಗೊಂದರಂತೆ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಆ ಹೊಂಬಾಳೆ ಹೊರಗೆ ಬಿರಿಯುವುದಕ್ಕೆ ಸುಮಾರು 32 ತಿಂಗಳು ಮೊದಲೇ ಸುಳಿಯೊಳಗೆ ಅದರ ಮೊಳಕೆ ಮೂಡಿರುತ್ತದೆ. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ ಬೇಕು. ಒಟ್ಟು ಮೂರೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು. ಎಂದರೆ ಈ ದಿನ ನೀವು ಕೀಳಿಸಿದ ಕಾಯಿಯ ಜಾತಕ ಬರೆದದ್ದು ಮೂರೂವರೆ ವರ್ಷದ ಹಿಂದಿನ ಮಳೆ, ಅಂದಿನ ಗೊಬ್ಬರ, ಅಂದಿನ ನೀರು. ಬರ ಬಿದ್ದ ವರ್ಷ ಹರಳು ಉದುರುವುದು ಕಣ್ಣಿಗೆ ಕಾಣುತ್ತದೆ. ಸುಳಿಯೊಳಗಿನ ಹೊಂಬಾಳೆ ಸೊರಗಿದ್ದು ಕಾಣುವುದಿಲ್ಲ. ಅದರ ಫಲ ಮುಂದಿನ ಎರಡು ಮೂರು ವರ್ಷಗಳಲ್ಲಿ ಹೊರಬೀಳುತ್ತದೆ.

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಅಂದೇ ತೆಂಗಿನ ಮರ ಶಕುನ ನುಡಿದಿತ್ತು: ಮುಂದಿನ ವರ್ಷಗಳಲ್ಲಿ ಕಾಯಿ ಕಡಿಮೆ, ಎಚ್ಚರವಾಗಿರಿ, ಸಾಲ ಮಾಡುವಾಗ ನೋಡಿ ಮಾಡಿರಿ ಎಂದು. ಆ ಶಕುನವನ್ನು ಓದಿಕೊಂಡವನು ಪಾತಿಗೆ ಮಟ್ಟೆ, ಸೋಗೆ ಮುಚ್ಚಿ ತೇವ ಉಳಿಸಿದ, ಮುಂದಿನ ವರ್ಷದ ಖರ್ಚನ್ನು ಹಿಡಿತದಲ್ಲಿಟ್ಟ. ಓದದವನು ಎರಡು ವರ್ಷದ ಮೇಲೆ ಮನೆಗೆ ಬಂದ ಹೆಣ್ಣುಮಗಳ ಕಾಲನ್ನು ನೋಡಿದ. ಆ ಹುಡುಗಿ ತನ್ನ ತವರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ತಪ್ಪಿದ ಮಳೆಗೆ ಅವಳು ಹೊಣೆಯೆ?

ಬೆಲೆಯ ಮಾತೂ ಅಷ್ಟೇ. 2023ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತು. 2025ರಲ್ಲಿ ಕ್ವಿಂಟಾಲಿಗೆ 20,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷ ಮದುವೆಯಾದ ಸೊಸೆ ಕೆಟ್ಟವಳೂ, ಏರಿದ ವರ್ಷ ಬಂದವಳು ಲಕ್ಷ್ಮಿಯೂ ಆದರೆ, ನಮ್ಮ ಮನೆಯ ಹೆಣ್ಣುಮಕ್ಕಳ ಮಾನವನ್ನು ಪೇಟೆಯ ಹರಾಜಿಗೆ ಬಿಟ್ಟಂತಾಗುವುದಿಲ್ಲವೆ?

ಧರ್ಮಕ್ಕೆ ವಿರುದ್ಧವಾಗಿ ಮಾತಾಡಿದನೆಂದು ಯಾರೂ ತಿಳಿಯಬೇಡಿ. ಕುರುಕ್ಷೇತ್ರದಲ್ಲಿ ಅರ್ಜುನ ಬಿಲ್ಲು ಕೆಳಗಿಡುವ ಮೊದಲು ಶಕುನಗಳು ವಿಪರೀತವಾಗಿ ಕಾಣುತ್ತಿವೆ ಎಂದು ಕೃಷ್ಣನಿಗೆ ಹೇಳುತ್ತಾನೆ. ಅಲ್ಲಿ ಅವನು ಬಳಸುವ ಮಾತು ನಿಮಿತ್ತ. ಮುಂದೆ ಅಷ್ಟು ಉಪದೇಶ ಮಾಡಿದ ಕೃಷ್ಣ ಆ ಶಕುನಗಳ ಫಲವೇನೆಂದು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ ಅದೇ ನಿಮಿತ್ತವೆಂಬ ಮಾತನ್ನು ಎತ್ತಿಕೊಂಡು ಬೇರೆ ಅರ್ಥದಲ್ಲಿ ಹಿಂದಿರುಗಿಸುತ್ತಾನೆ: ಕೆಲಸಕ್ಕೆ ನೀನೇ ನಿಮಿತ್ತವಾಗು, ಏಳು ಎಂದು. ಶಕುನ ನೋಡಿ ಕುಳಿತವನಿಗೆ ಕೈಯೆತ್ತಿ ಕೆಲಸ ಮಾಡೆಂದು ಹೇಳಿದ್ದು ಅದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ತಮ್ಮ ವಚನದಲ್ಲಿ, ನಮ್ಮವರು ಕೇಳಿದರೆ ಶುಭಲಗ್ನವೆಂದೇ ಹೇಳಿರಿ, ನಾಳಿನ ದಿನಕ್ಕಿಂತ ಇಂದಿನ ದಿನವೇ ಲೇಸೆಂದು ಹೇಳಿರಿ ಎಂಬ ಅರ್ಥದಲ್ಲಿ ನುಡಿದಿದ್ದಾರೆ. ಇವರಿಬ್ಬರಿಗಿಂತ ನಾವು ಹೆಚ್ಚು ಧರ್ಮ ಬಲ್ಲವರಲ್ಲ.

ಕೊನೆಯದಾಗಿ, ಮನೆಗೆ ಹೋಗಿ ಮಾಡಬೇಕಾದ ಕೆಲವು ಕೆಲಸಗಳು.

ಒಂದು: ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು ಮನೆಯವರೆಲ್ಲ ತೋಟವನ್ನು ಸುತ್ತಿರಿ. ಅಮಾವಾಸ್ಯೆಯ ದಿನ ಎತ್ತಿಗೆ ಬಿಡುವು ಕೊಡುವವರು ಅದೇ ದಿನವನ್ನು ಇಟ್ಟುಕೊಳ್ಳಬಹುದು. ಪ್ರತಿ ಮರದ ಬುಡ, ಕಾಂಡ, ತಲೆ, ಈ ಮೂರನ್ನೂ ನೋಡಿರಿ. ಮಕ್ಕಳನ್ನು ಕರೆದೊಯ್ಯಿರಿ, ಅವರ ಕಣ್ಣು ಚುರುಕು.

ಎರಡು: ಮರಗಳಿಗೆ ಸಂಖ್ಯೆ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮಳೆ ಬಂದ ದಿನ, ನೀರು ಹಾಕಿದ ದಿನ, ಹರಳು ಉದುರಿದ ಕಾಲ, ಕಿತ್ತ ಕಾಯಿಯ ಲೆಕ್ಕ ಇರಲಿ. ಮೂರೂವರೆ ವರ್ಷ ಬರೆದ ಮೇಲೆ ಆ ಪುಸ್ತಕವೇ ನಿಮ್ಮ ಪಂಚಾಂಗ.

ಮೂರು: ಬುಡದಲ್ಲಿ ರಸ ಸೋರಿದ್ದು ಕಂಡರೆ ಆ ವಾರವೇ ಗುರುತು ಹಾಕಿ ತಿಳಿದವರಿಗೆ ತೋರಿಸಿರಿ. ರಸ ಕಾಂಡದ ಮೇಲ್ಭಾಗದ ಬಿರುಕಿನಿಂದ ಬಂದರೆ ಅದು ಬೇರೆ ರೋಗವಿರಬಹುದು, ಅದರ ಔಷಧವೂ ಬೇರೆ. ಅಣಬೆ ರೋಗವೆಂದು ಗೊತ್ತಾದರೆ ಆ ಮರವನ್ನು ಕಂದಕ ತೋಡಿ ಬೇರ್ಪಡಿಸಿರಿ. ಅದರ ಪಾತಿಯ ನೀರು ಇನ್ನೊಂದು ಮರಕ್ಕೆ ಹರಿಯಬಾರದು. ಪ್ರತಿ ಮರಕ್ಕೂ ಬೇರೆ ಬೇರೆ ಪಾತಿಯಿರಲಿ. ಬೇರು ಹರಿಯುವಂತೆ ಆಳವಾಗಿ ಉಳಬೇಡಿ. ವರ್ಷಕ್ಕೆ ಮರವೊಂದಕ್ಕೆ ಐದು ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮದೊಡನೆ ಬೆರೆಸಿ ಹಾಕಿರಿ. ಸತ್ತ ಮರವನ್ನು ಬುಡ ಬೇರು ಸಹಿತ ಕಿತ್ತು ಸುಡಿರಿ. ಬೇರಿನ ಮೂಲಕ ಕೊಡುವ ಔಷಧವನ್ನು ತಜ್ಞರನ್ನು ಕೇಳಿಯೇ ಕೊಡಿರಿ.

ನಾಲ್ಕು: ಕೇಳಲು ದೂರ ಹೋಗಬೇಕಾಗಿಲ್ಲ. ತಿಪಟೂರಿನ ಬಳಿ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಪ್ರತಿ ತಾಲ್ಲೂಕಿನಲ್ಲಿಯೂ ತೋಟಗಾರಿಕೆ ಇಲಾಖೆಯ ಕಚೇರಿ, ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಕೊಳೆತ ಗರಿಯನ್ನೋ ಹುಳುವನ್ನೋ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ.

ಐದು: ನಿಮ್ಮ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕನೋ, ಅತ್ತೆಯೋ, ಚಿಕ್ಕಮ್ಮನೋ ಇದ್ದರೆ ನಾಳೆ ಬೆಳಿಗ್ಗೆ ಹೊರಡುವ ಮೊದಲು ಅವರನ್ನು ಕಂಡು, ‘ತೋಟದಲ್ಲಿ ಏನು ನೋಡಿದಿರಿ?’ ಎಂದು ಕೇಳಿ ಹೊರಡಿರಿ.

ಶಕುನವೆಂದರೆ ಮೊದಲು ಹಕ್ಕಿ, ಆಮೇಲೆ ಹಕ್ಕಿಯನ್ನು ನೋಡುವುದು. ನೋಡುವುದನ್ನು ನಾವು ಬಿಟ್ಟೆವು, ಹೆದರುವುದನ್ನು ಉಳಿಸಿಕೊಂಡೆವು. ಇನ್ನು ಮೇಲೆ ಹೆದರುವುದನ್ನು ಬಿಟ್ಟು ನೋಡುವುದನ್ನು ಮತ್ತೆ ಹಿಡಿಯೋಣ. ನಾಳೆ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಬೆಕ್ಕು ಅಡ್ಡ ಬಂದರೆ ಅದಕ್ಕೆ ದಾರಿ ಬಿಟ್ಟು ಮುಂದೆ ನಡೆಯಿರಿ. ಅದಕ್ಕೂ ಅದರ ಕೆಲಸವಿರುತ್ತದೆ.